ಚಿಂಚೋಳಿಯ ಬಾನಿನಲ್ಲಿ ಉರಿದ ರಾಕೆಟ್ ಹಂತ: ನನ್ನ ಅನುಭವ

ಕಕ್ಷೆಯಿಂದ ಜಾರಿದ ವಸ್ತು, ಅಂದರೆ ಹಳೆಯ ಉಪಗ್ರಹ ಇಲ್ಲವೇ ರಾಕೆಟ್ಟಿನ ಬಳಸಿ ಬಿಟ್ಟ ಭಾಗ (ಹಂತ), ವಾಯುಮಂಡಲದಲ್ಲಿ ಉರಿಯುವುದನ್ನು ಒಂದೇ ಊರಿನಲ್ಲಿ ಕಾದು ಕುಳಿತು ಹಿಡಿಯಲು ಸಾಧ್ಯವಿಲ್ಲ ಎಂದು ಕಲಬುರಗಿಯ ನನ್ನ ವೀಕ್ಷಕ ಮಿತ್ರರು ನಾಲ್ಕು ವರ್ಷ ಹೇಳುತ್ತಲೇ ಬಂದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಮುನ್ಸೂಚನೆ ಒಂದು ಗಂಟೆ ಹಿಂದುಮುಂದಾಗಬಹುದೆಂದರೆ, ಆ ಎರಡು ಗಂಟೆಗಳಲ್ಲಿ ವಸ್ತುವು ಭೂಮಿಯನ್ನು ಒಂದು ಸುತ್ತಿಗಿಂತ ಹೆಚ್ಚು ಸುತ್ತಿರುತ್ತದೆ. ಆದರೂ ಕಳೆದ ಜನವರಿಯಲ್ಲಿ ಅದು ನನಗೆ ದಕ್ಕಿತು.

ಬಾಹ್ಯಾಕಾಶ ನಿಲ್ದಾಣವನ್ನು ನೋಡಿದ ಅಭ್ಯಾಸದಿಂದ ಮುಸ್ಸಂಜೆ ಮತ್ತು ನಸುಕಿನಲ್ಲಷ್ಟೇ ಕಾದು ಎರಡು ಚಳಿಗಾಲಗಳನ್ನು ಕಳೆದುಕೊಂಡೆ. ಉರಿಯುವ ವಸ್ತುವಿಗೆ ಸೂರ್ಯನ ಬೆಳಕು ಬೇಡ, ನಡುರಾತ್ರಿಯಲ್ಲೂ ಅದು ಕಾಣುತ್ತದೆ ಎಂಬುದು ಗೊತ್ತಿದ್ದರೂ ಅದರಂತೆ ನಡೆದಿರಲಿಲ್ಲ. 2022ರ ಏಪ್ರಿಲ್ 2ರ ಸಂಜೆ ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಹಂತವು ಮಹಾರಾಷ್ಟ್ರದ ಮೇಲೆ ಉರಿದು, ಚಂದ್ರಾಪುರ ಜಿಲ್ಲೆಯಲ್ಲಿ ಲೋಹದ ಉಂಗುರ ಬಿದ್ದಾಗ ನಾನು ಮಾಳಿಗೆಯ ಮೇಲೆ ನಡುನೆತ್ತಿಯನ್ನೇ ನೋಡುತ್ತಿದ್ದೆ. ಆ ಭಾಗ ನಮಗೆ ಈಶಾನ್ಯದಲ್ಲಿ ಎಂಟು ಡಿಗ್ರಿಯಷ್ಟು ಎತ್ತರದಲ್ಲಿ, ಎದುರುಮನೆಯ ನೀರಿನ ಟಾಕಿಯ ಮರೆಗೆ ಬರುತ್ತದೆ ಎಂದು ಆಮೇಲೆ ಅಳೆದು ನೋಡಿದೆ.

ಅಂದಿನಿಂದ ಸುಮಾರು 80 ಕಿಲೋಮೀಟರ್ ದೂರದ ಚಿಂಚೋಳಿಯ ಕಾಡಂಚಿಗೆ ಹೋಗತೊಡಗಿದೆ. ಅಲ್ಲಿ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಬೆಳಕು ದಕ್ಷಿಣ ದಿಗಂತವನ್ನು ಕೆಡಿಸುತ್ತದೆ, ಉತ್ತರ ಸ್ವಚ್ಛವಾಗಿರುತ್ತದೆ. ಹಳೆಯ ಕ್ಯಾಮೆರಾಕ್ಕೆ 28,000, ಅಗಲ ನೋಟದ ಮಸೂರಕ್ಕೆ 14,000, ಬ್ಯಾಟರಿ ಹಾಗೂ ಪೆಟ್ರೋಲಿಗೆ ಇನ್ನಷ್ಟು ಸೇರಿ 60,000 ರೂಪಾಯಿ ದಾಟಿರಬೇಕು. ಬೆಣ್ಣೆತೊರಾ ಜಲಾಶಯದ ದಂಡೆಯಲ್ಲಿ ಮಸೂರದ ಮೇಲೆ ಇಬ್ಬನಿ ಕೂತು ಒಂದು ಇಡೀ ರಾತ್ರಿಯ ಚಿತ್ರಗಳು ಹಾಳಾದ ಮೇಲೆ ನೀರಿನ ಬದಿಗೆ ಹೋಗುವುದನ್ನು ಬಿಟ್ಟೆ. ನಡುವೆ 3,000 ರೂಪಾಯಿಯ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ಗ್ರಾಹಕ) ತಂದು, ಉರಿಯುವ ವಸ್ತುವಿನ ಜಾಡಿಗೆ ಬಡಿದು ಬರುವ ದೂರದ ಎಫ್‌ಎಂ ಕೇಂದ್ರಗಳ ಪ್ರತಿಫಲನ ಕೇಳಲು ಯತ್ನಿಸಿದೆ. ಡಿಸೆಂಬರಿನ ಜೆಮಿನಿಡ್ ಉಲ್ಕೆಗಳು ನಲವತ್ತರಷ್ಟು ಸಿಕ್ಕವು, ಉಪಗ್ರಹ ಒಂದೂ ಸಿಗಲಿಲ್ಲ.

ಕೆಲಸಕ್ಕೆ ಬಂದ ವಿಧಾನ ಇಷ್ಟೇ. ಸಮಯ ಎಷ್ಟು ತಪ್ಪಿದರೂ ಬಾನಿನಲ್ಲಿ ವಸ್ತುವಿನ ದಾರಿ ಅಷ್ಟು ತಪ್ಪುವುದಿಲ್ಲ. ಅದು ನಾಲ್ಕು ನಿಮಿಷ ಮುಂಚೆ ಬಂದರೆ ದಾರಿಯು ಒಂದು ರೇಖಾಂಶದಷ್ಟು, ಅಂದರೆ ನಮ್ಮಲ್ಲಿ 106 ಕಿಲೋಮೀಟರಿನಷ್ಟು, ಪೂರ್ವಕ್ಕೆ ಸರಿಯುತ್ತದೆ. ಆದ್ದರಿಂದ ಉಪಗ್ರಹಗಳ ಜಾಡು ತಿಳಿಸುವ ಅಮೆರಿಕದ ಜಾಲತಾಣ ಸ್ಪೇಸ್-ಟ್ರ್ಯಾಕ್‌ನ ಕೊನೆಯ ಟಿಪ್ ಸಂದೇಶಗಳು (ವಸ್ತು ಯಾವಾಗ, ಎಲ್ಲಿ ಬೀಳಬಹುದೆಂಬ ಮುನ್ಸೂಚನೆ) ಕೊಡುವ ಅವಧಿಯೊಳಗೆ ನಮ್ಮ ಮೇಲೆ ಹಾಯುವ ಸುತ್ತು ಇದ್ದರೆ ಮಾತ್ರ ಹೊರಟು, ಕ್ಯಾಮೆರಾವನ್ನು ದಾರಿಯ ಪೂರ್ವ ಬದಿಗೆ ತಿರುಗಿಸಿ, ಬಿಡುವಿಲ್ಲದೆ ಎಂಟೆಂಟು ಸೆಕೆಂಡಿನ ಚಿತ್ರ ತೆಗೆಯುತ್ತೇನೆ. ಎಷ್ಟು ಪೂರ್ವಕ್ಕೆ ಎಂಬುದನ್ನು ಕೊನೆಯ ಮೂರು ಟಿಎಲ್‌ಇಗಳಿಂದ (ವಸ್ತುವಿನ ಕಕ್ಷೆಯನ್ನು ಎರಡು ಸಾಲಿನ ಅಂಕಿಗಳಲ್ಲಿ ಕೊಡುವ ದತ್ತಾಂಶ) ತೆಗೆಯುವ ಲೆಕ್ಕವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಹನ್ನೊಂದೋ ಹನ್ನೆರಡೋ ವ್ಯರ್ಥ ರಾತ್ರಿಗಳ ನಂತರ, ತೊಗರಿ ಕಟಾವಾದ ಹೊಲವೊಂದರ ಬದುವಿನಲ್ಲಿ ಕೂತಿದ್ದಾಗ, ಅಂದಾಜಿಗಿಂತ ಆರು ನಿಮಿಷ ಮುಂಚೆ, ವಾಯವ್ಯದಲ್ಲಿ ಕಿತ್ತಳೆ ಬಣ್ಣದ ಗೆರೆಯೊಂದು ಎದ್ದಿತು. ಉಲ್ಕೆಯಾಗಿದ್ದರೆ ಕ್ಷಣದಲ್ಲಿ ಆರಬೇಕಿತ್ತು. ಇದು ನಿಧಾನವಾಗಿ ಒಡೆಯುತ್ತ, ಬಾಲವುಳ್ಳ ತುಣುಕುಗಳ ಸಾಲಾಗಿ ಒಂದು ನಿಮಿಷಕ್ಕೂ ಹೆಚ್ಚು ಸಾಗಿತು. ಒಂಬತ್ತು ಚಿತ್ರಗಳಲ್ಲಿ ಅದು ಸೆರೆಯಾಗಿದೆ. ಎಲ್ಲರಿಗಿಂತ ಹೆಚ್ಚು ಅನುಮಾನಪಟ್ಟಿದ್ದ ಬೀದರಿನ ಗೆಳೆಯರು ಈಗ ತಮ್ಮ ಮಾಳಿಗೆಯ ಮೇಲೆ ಎರಡನೆಯ ಕ್ಯಾಮೆರಾ ಇಡಲು ಒಪ್ಪಿದ್ದಾರೆ; ಚಿಂಚೋಳಿಗೂ ಬೀದರಿಗೂ ನೇರ ಅಂತರ 50 ಕಿಲೋಮೀಟರಿನಷ್ಟಿರುವುದರಿಂದ ಮುಂದಿನ ಸಲ ತುಣುಕುಗಳು ಎಷ್ಟು ಎತ್ತರದಲ್ಲಿ ಒಡೆದವು ಎಂಬುದನ್ನೂ ಅಳೆಯಬಹುದು.