ಶಿಲ್ಪ, ಪ್ರಿಂಟ್‌ಮೇಕಿಂಗ್ ಮುಚ್ಚದಂತೆ ತಡೆದ ಲೆಕ್ಕ: ನನ್ನ ಅನುಭವ

ನಮ್ಮ ಸಂಸ್ಥೆಯ ಕಡತದಲ್ಲಿದ್ದ ಅಂಕಿ ಸುಮಾರು 40 ಲಕ್ಷ ರೂಪಾಯಿ. ಶಿಲ್ಪ, ಪ್ರಿಂಟ್‌ಮೇಕಿಂಗ್ (ಪ್ಲೇಟಿನಲ್ಲಿ ಚಿತ್ರ ಕೊರೆದು ಕಾಗದಕ್ಕೆ ಅಚ್ಚೊತ್ತುವ ಕಲೆ) ಎರಡೂ ವಿಭಾಗಗಳನ್ನು ನಿಲ್ಲಿಸಿದರೆ ವರ್ಷಕ್ಕೆ ಇಷ್ಟು ಉಳಿಯುತ್ತದೆ ಎಂದು ಟಿಪ್ಪಣಿ. ದಾವಣಗೆರೆ ಸೀಮೆಯಲ್ಲಿ ಬಿವಿಎ (ದೃಶ್ಯಕಲೆಯ ಪದವಿ) ಪಾಠ ಮಾಡುವವರಿಗೆ ಇಂಥ ಟಿಪ್ಪಣಿಯ ಭಾಷೆ ಬಿಡಿಸಿ ಹೇಳಬೇಕಿಲ್ಲ. ‘ಲೆಕ್ಕ ಹಾಕಿ ಉಳಿಸಿಕೊಳ್ಳೋಕೆ ನಾವೇನು ಕಾಮರ್ಸ್‌ನೋರಾ’ ಎಂದು ನಮ್ಮವರೇ ನಕ್ಕಿದ್ದರು. ಈಗ ಎರಡೂ ವಿಭಾಗ ನಡೆಯುತ್ತಿವೆ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಕೆಲಸಕ್ಕೆ ಬಾರದವು. ಮುನ್ನೂರು ಚಿಲ್ಲರೆ ಸಹಿಯ ಮನವಿಗೆ ಸ್ವೀಕೃತಿ ಮುದ್ರೆ ಬಿತ್ತು, ಅಷ್ಟೇ. ಊರಲ್ಲಿ ಪ್ರದರ್ಶನ ಇಟ್ಟೆವು. ಫ್ರೇಮು, ಶಾಮಿಯಾನ, ಆಟೊ ಬಾಡಿಗೆ ಸೇರಿ 18 ಸಾವಿರ ಹೋಯಿತು, ಹಣಕಾಸು ಸಮಿತಿಯ ಕಡೆಯಿಂದ ಒಬ್ಬರೂ ಬರಲಿಲ್ಲ. ಹರಿಹರೇಶ್ವರನ 1224ರ ಗುಡಿಯಿಂದ ಚಂದ್ರವಳ್ಳಿಯವರೆಗೆ ಎಳೆದು ಬರೆದ ಎಂಟು ಪುಟದ ‘ಪರಂಪರೆ’ ಟಿಪ್ಪಣಿಗೆ ‘ಚೆನ್ನಾಗಿದೆ’ ಎಂಬ ಉತ್ತರ ಸಿಕ್ಕಿತು.

ಆಮೇಲೆ 40 ಲಕ್ಷವನ್ನು ಬಿಡಿಸಿದೆವು. ಅದರಲ್ಲಿ 28 ಲಕ್ಷ ಕಾಯಂ ನೌಕರರ ಸಂಬಳ. ವಿಭಾಗ ಮುಚ್ಚಿದರೂ ಅವರು ಬೇರೆ ಕಡೆ ಕೂತು ಅದೇ ಸಂಬಳ ತಗೊಳ್ಳುತ್ತಾರೆ. ಅದು ಉಳಿತಾಯವೇ ಅಲ್ಲ. ಉಳಿದದ್ದು ಮೂವರು ಅತಿಥಿ ಉಪನ್ಯಾಸಕರ ಸುಮಾರು 9 ಲಕ್ಷ, ಸಾಮಗ್ರಿಯ ಎರಡೂವರೆ ಲಕ್ಷ. ಇಲ್ಲೇ ಇರುವುದು ಗಂಟು: ಪ್ರವೇಶ ನಿಲ್ಲಿಸಿದರೂ ಈಗಾಗಲೇ ಸೇರಿದವರ ಕೋರ್ಸ್ ಮುಗಿಸಿಕೊಡಲೇಬೇಕು. ನಾಲ್ಕು ವರ್ಷದ ಕೋರ್ಸು, ಅಂದರೆ ಇನ್ನೂ ಮೂರು ವರ್ಷ ಪಾಠ ನಡೆಯಬೇಕು. ಮೊದಲ ವರ್ಷ ಹೋಗುವುದು 15 ಮಕ್ಕಳ ಶುಲ್ಕ. ತಲೆಗೆ 14 ಸಾವಿರದಂತೆ 2.1 ಲಕ್ಷ. ಉಳಿಯುವುದು ಕಾಲುಭಾಗ ಸಾಮಗ್ರಿ, 60 ಸಾವಿರ ಚಿಲ್ಲರೆ. ಕೈಯಿಂದಲೇ ಒಂದೂವರೆ ಲಕ್ಷ ಹೋಯಿತು. ಎರಡನೇ ವರ್ಷ ಒಬ್ಬ ಅತಿಥಿಯನ್ನು ಬಿಟ್ಟರೂ ಹೆಚ್ಚುಕಮ್ಮಿ ಸಮ.

ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ, ವರ್ಷವಾರು ಕಾಲಂ ಹಾಕಿ ಕೊಟ್ಟೆವು. ‘ಕಲೆ’ ಎಂಬ ಪದ ಅದರಲ್ಲಿ ಒಂದು ಸಲವೂ ಇರಲಿಲ್ಲ. ಮೊದಲ ಕರಡಲ್ಲಿ ಮಂಜೂರಾದ ಸೀಟನ್ನೇ ಲೆಕ್ಕಕ್ಕೆ ಹಿಡಿದು ಸಿಕ್ಕಿಬಿದ್ದಿದ್ದೆವು. ನಿಜವಾಗಿ ಶುಲ್ಕ ಕಟ್ಟಿದವರ ಚಲನ್ ಎಣಿಸಿಯೇ ಬರೆಯಿರಿ.

ವಿಭಾಗಗಳು ಉಳಿದವು, ಆದರೆ ಅಷ್ಟರಿಂದ ಪೂರ್ತಿ ಗೆಲುವಾಗಲಿಲ್ಲ. ಸಾಮಗ್ರಿಯ ಬಾಬ್ತು ಎರಡೂವರೆಯಿಂದ 1.75 ಲಕ್ಷಕ್ಕೆ ಇಳಿಯಿತು, ಮಿಕ್ಕಿದ್ದು ನೀವೇ ದುಡಿಯಿರಿ ಎಂದರು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಾದ ಎಸ್‌ಸಿಎಸ್‌ಪಿ–ಟಿಎಸ್‌ಪಿ ಅನುದಾನ ಕೇಳಿದೆವು. ಅದರಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಕೈಗೆ ಹೋಗುವ ಕಿಟ್ ಮಾತ್ರ ಬರೆಯಿರಿ: ಬೋರ್ಡು, ಬ್ರಷ್ಷು, ಲಿನೋ ಉಳಿ. ಎಲ್ಲರೂ ಬಳಸುವ ಪ್ರೆಸ್ ರಿಪೇರಿಯನ್ನು ಅದರಲ್ಲಿ ತುರುಕಿದರೆ ಆಡಿಟ್ ಆಕ್ಷೇಪಣೆ ಬಂದೇ ಬರುತ್ತದೆ. ಹಂಚಿದ ದಿನವೇ ಸಹಿ ಪಟ್ಟಿ ಮಾಡಿಸಿ. ಗೋಡೆ ಚಿತ್ರದ ಕೆಲಸದಿಂದ ಬಂದ 60 ಸಾವಿರ ಸಾಮಾನ್ಯ ಖಾತೆಗೆ ಹೋಗಿ ಕರಗಿತು. ಎರಡನೇ ಸಲ ಲೆಕ್ಕದಲ್ಲಿ ವಿಭಾಗದ ಹೆಸರಿಗೆ ಪ್ರತ್ಯೇಕ ಉಪಶೀರ್ಷಿಕೆ ಬರೆಸಿಕೊಂಡ ಮೇಲೆಯೇ ಬ್ರಷ್ ಹಿಡಿದೆವು. ಜೇಡಿಮಣ್ಣು ಕೊಡುವ ಕುಂಬಾರರು ಜಿಎಸ್‌ಟಿ ಬಿಲ್ ಕೊಡುವುದಿಲ್ಲ, ಮಾಡೆಲ್ ಆಗಿ ಕೂರುವ ಅಜ್ಜ ಕೊಡುವುದು ಇನ್ನೂ ದೂರ. ಕೈರಸೀದಿ ತಗೊಳ್ಳಿ, 5,000 ದಾಟಿದರೆ ರೆವಿನ್ಯೂ ಸ್ಟ್ಯಾಂಪು ಅಂಟಿಸಿ. ಖರ್ಚನ್ನು ಮಾರ್ಚ್‌ಗೆ ಬಿಟ್ಟರೆ ದುಡ್ಡು ಲ್ಯಾಪ್ಸ್, ಮುಂದಿನ ವರ್ಷ ‘ಖರ್ಚೇ ಮಾಡಿಲ್ಲ’ ಎಂದು ಮತ್ತೆ ಕಡಿತ. ನಾವು ಡಿಸೆಂಬರ್ ಒಳಗೆ ಮುಕ್ಕಾಲು ಪಾಲು ಮುಗಿಸುತ್ತೇವೆ.

ಖರ್ಚು ಇಳಿಸಲು ಮಾಡಿದ ಪ್ರಯೋಗಗಳಲ್ಲಿ ಮೈಲುತುತ್ತ (ಕಾಪರ್ ಸಲ್ಫೇಟ್) ನಮಗೆ ಹೆಮ್ಮೆ. ಸತುವಿನ ಪ್ಲೇಟಿನಲ್ಲಿ ಗೆರೆ ಕೊರೆಯಲು ನೈಟ್ರಿಕ್ ಆಮ್ಲ ಬಳಸುವುದನ್ನು ನಿಲ್ಲಿಸಿ ಮೈಲುತುತ್ತ ಹಿಡಿದೆವು. ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಇದು ಬೇಕೇ ಬೇಕು, ಗೊಬ್ಬರದ ಅಂಗಡಿಯಲ್ಲೇ ಸಿಗುತ್ತದೆ. ಲೀಟರ್ ನೀರಿಗೆ 75 ಗ್ರಾಂ ಮೈಲುತುತ್ತ, ಅಷ್ಟೇ ಉಪ್ಪು. ಪ್ಲೇಟಿನ ಮೇಲೆ ಕೆಂಪು ತಾಮ್ರದ ಕೆಸರು ಕೂರುತ್ತದೆ. ಮೆತ್ತನೆ ಬ್ರಷ್ಷಿನಿಂದ ಆಗಾಗ ಸರಿಸದಿದ್ದರೆ ಗೆರೆ ಅಲ್ಲಲ್ಲೇ ನಿಂತುಬಿಡುತ್ತದೆ. ನೀಲಿ ಬಣ್ಣ ಮಾಸಿತೋ, ದ್ರಾವಣದ ಕಸುವು ಮುಗಿಯಿತು. ಚರಂಡಿಗೆ ಚೆಲ್ಲಬೇಡಿ, ವಾಷಿಂಗ್ ಸೋಡಾ ಹಾಕಿ ಗಸಿ ಇಳಿಸಿ ಬೇರ್ಪಡಿಸಿ. ಅಲ್ಯೂಮಿನಿಯಂ ತಗಡಿಗೆ ಇದೇ ಹದ ಹಾಕಿದರೆ ದ್ರಾವಣ ಕುದಿಬರುವಷ್ಟು ಬಿಸಿಯಾಗುತ್ತದೆ, ಅರ್ಧಕ್ಕೆ ಇಳಿಸಿ.

ಇದ್ದಿಲ ಕಡ್ಡಿಯೂ ಮನೆಯದೇ. ಕಲಂಕಾರಿಯವರು ಹುಣಸೆ ಕಡ್ಡಿ ಸುಟ್ಟು ರೇಖೆ ಹಾಕುತ್ತಾರಲ್ಲ, ಅದೇ ದಾರಿ. ತೊಗಟೆ ತೆಗೆದ ಒಣ ಕಡ್ಡಿಯನ್ನು ಪೇಂಟಿನ ಡಬ್ಬಿಯಲ್ಲಿ ಒತ್ತಾಗಿ ನಿಲ್ಲಿಸಿ, ಸಂದಿಗೆ ಮರಳು ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದೇ ತೂತು. ತೂತಿನ ಹೊಗೆ ನಿಂತ ಮೇಲೆ ಬೆಂಕಿಯಿಂದ ತೆಗೆದು ರಾತ್ರಿಯಿಡೀ ಬಿಡಬೇಕು. ಬಿಸಿಯಲ್ಲೇ ತೆರೆದ ಮೊದಲ ಎರಡು ಡಬ್ಬಿ ಪೂರ್ತಿ ಬೂದಿ.

ಕೆಟ್ಟ ಪ್ರಯೋಗ ಒಂದಿದೆ. ಪ್ರೆಸ್ಸಿನ ಫೆಲ್ಟು (ಅಚ್ಚೊತ್ತುವಾಗ ಕಾಗದದ ಮೇಲೆ ಹಾಸುವ ಉಣ್ಣೆ ಬಟ್ಟೆ) ದುಬಾರಿ ಎಂದು ಚಳ್ಳಕೆರೆ ಕಂಬಳಿ ಹಾಕಿದೆವು. ಎಲ್ಲ ಪ್ರಿಂಟಿನಲ್ಲೂ ಕಂಬಳಿಯ ನೇಯ್ಗೆ ಮೂಡಿತು. ಕಾಗದಕ್ಕೆ ತಾಗುವ ಕಡೆ ಹಳೆಯ ತೆಳು ಫೆಲ್ಟು, ಮೇಲೆ ಕಂಬಳಿ ಇಟ್ಟ ಮೇಲೆ ನೇಯ್ಗೆ ಹೋಯಿತು. ಸದ್ಯ ಹಾಗೇ ನಡೆಯುತ್ತಿದೆ.