ಎಲ್ಲಾ ಕ್ರೈಸ್ತ ಸಭೆಯವ್ರನ್ನ ಒಂದೇ ಪ್ರಾರ್ಥನೆಗೆ ಕೂಡಿಸೋದು ಹೆಂಗೆ (ಕೋಲಾರದ ಕಡೆಯವ್ರಿಗೆ)

ನಮ್ಮ ಕೋಲಾರ, ಕೆಜಿಎಫ್ ಕಡೆ ಕ್ಯಾಥೊಲಿಕ್‌ನೋರು, ಮೆಥೋಡಿಸ್ಟ್‌ನೋರು, ಸಿಎಸ್‌ಐನೋರು (ಚರ್ಚ್ ಆಫ್ ಸೌತ್ ಇಂಡಿಯಾ), ಪೆಂತೆಕೋಸ್ತಿನೋರು ಎಲ್ಲಾ ಮದುವೇಲಿ ಒಂದೇ ಸಾಲಲ್ಲಿ ಕೂತು ಬಿರಿಯಾನಿ ತಿಂತಾರೆ, ಒಟ್ಟಿಗೆ ಪ್ರಾರ್ಥನೆ ಮಾಡೋಣ ಅಂದ್ರೆ ಮಾತ್ರ "ನೋಡೋಣ ಬಿಡಿ" ಅಂತಾರೆ. ಆಗಲ್ಲ ಅಂತೇನಿಲ್ಲ, ಶುರು ಮಾಡೋ ರೀತಿ ಸರಿ ಇರ್ಬೇಕು ಅಷ್ಟೆ.

ಮೊದಲು ಡೇಟ್. ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರ ಅಂತ ಪ್ರಪಂಚದ ಎಷ್ಟೋ ಕಡೆ ನಡೆಯುತ್ತೆ, 1908ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಈಗ ವ್ಯಾಟಿಕನ್‌ನೋರು ಮತ್ತೆ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನೋರು (ಬೇರೆ ಬೇರೆ ಸಭೆಗಳ ಒಕ್ಕೂಟ) ಸೇರಿ ಪ್ರತಿ ವರ್ಷ ಒಂದು ವಿಷಯ, ವಾಚನಗಳನ್ನ ರೆಡಿ ಮಾಡ್ತಾರೆ. ಅದನ್ನೇ ಹಿಡ್ಕೊಂಡ್ರೆ "ಇದು ಅವ್ರ ಚರ್ಚ್ ಪ್ರೋಗ್ರಾಂ" ಅಂತ ಯಾರೂ ಅನ್ನೋಕಾಗಲ್ಲ. ಸಂಕ್ರಾಂತಿ ಓಡಾಟಾನೂ ಮುಗಿದಿರುತ್ತೆ.

ಆಮೇಲೆ ಕರೆಯೋದು. ಫಾದರ್ ಬೆಂಗಳೂರು ಮಹಾಧರ್ಮಪ್ರಾಂತ್ಯದ ಕೆಳಗೆ ಬರ್ತಾರೆ, ಸಿಎಸ್‌ಐ ಅಯ್ಯನವ್ರಿಗೆ ಬಿಷಪ್ ಇದಾರೆ, ಅವ್ರೆಲ್ಲ ಮೇಲಿನವ್ರನ್ನ ಒಂದು ಮಾತು ಕೇಳ್ಬೇಕಾಗ್ಬೋದು, ಸೋ ನವೆಂಬರಲ್ಲೇ ಹೇಳಿ, ಡಿಸೆಂಬರ್ ಬಂದ್ರೆ ಕ್ರಿಸ್ಮಸ್ ಬಿಟ್ಟು ಬೇರೆ ಏನೂ ಕಿವಿಗೆ ಬೀಳಲ್ಲ. ಸ್ವತಂತ್ರ ಸಭೆಯ ಪಾಸ್ಟರ್ ತಾವೇ ತೀರ್ಮಾನ ಮಾಡ್ತಾರೆ, ಆದ್ರೆ ಅವ್ರಿಗೆ ಕೊನೇಲಿ ವಾಟ್ಸಾಪ್ ಮೆಸೇಜ್ ಹಾಕಿದ್ರೆ ಜನ ತುಂಬ್ಸೋಕೆ ಕರೆದ್ರು ಅನ್ಸುತ್ತೆ, ಮೊದಲು ಅವ್ರ ಮನೆಗೇ ಹೋಗಿ, ಪಾಸ್ಟರಮ್ಮ ಕೊಟ್ಟ ಟೀ ಕುಡಿದು ಮಾತಾಡಿ. ಇನ್ನೊಂದು, ಮೆಥೋಡಿಸ್ಟ್ ಹಿರಿಯರ ಹತ್ರ "ನೀವೂ ಸಿಎಸ್‌ಐ ಒಂದೇ ಅಲ್ವಾ" ಅನ್ಬೇಡಿ. 1947ರ ಸೆಪ್ಟೆಂಬರ್ 27ಕ್ಕೆ ಸಿಎಸ್‌ಐ ಆದಾಗ ಆಂಗ್ಲಿಕನ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್‌ನೋರ ಜೊತೆ ಸೇರಿದ್ದು ಇಂಗ್ಲೆಂಡ್ ಮಿಷನ್ನಿನ ಮೆಥೋಡಿಸ್ಟ್‌ನೋರು. ಕೋಲಾರದಲ್ಲಿ ಇಟಿಸಿಎಂ ಆಸ್ಪತ್ರೆ ಕಟ್ಟಿದ್ದು ಅಮೆರಿಕನ್ ಮೆಥೋಡಿಸ್ಟ್ ಮಿಷನ್, ಅವ್ರು ಸೇರಲಿಲ್ಲ.

ಈಗ ಮುಖ್ಯವಾದ್ದು. ಪ್ರಭುಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋದು) ಇಟ್ಕೋಬೇಡಿ. ಐಕ್ಯತೆ ಅಂದ್ಮೇಲೆ ಒಂದೇ ರೊಟ್ಟಿ ಮುರಿಯೋಣ ಅಂತ ಯಾರಾದ್ರೂ ಉತ್ಸಾಹದಲ್ಲಿ ಹೇಳೇ ಹೇಳ್ತಾರೆ, ಆದ್ರೆ ಕ್ಯಾಥೊಲಿಕ್‌ನೋರಿಗೆ ಬೇರೆ ಸಭೆಯಲ್ಲಿ ಅದನ್ನ ತಗೊಳ್ಳೋ ಅನುಮತಿ ಇಲ್ಲ, ತಮ್ಮಲ್ಲಿ ಪರಮಪ್ರಸಾದ ಅನ್ನೋ ಆ ರೊಟ್ಟೀನ ಬೇರೆಯವ್ರಿಗೆ ಕೊಡೋಕೂ ಫಾದರ್‌ಗೆ ಸಾಮಾನ್ಯವಾಗಿ ಆಗಲ್ಲ, ಅರ್ಧ ಜನ ಎದ್ದು ಮುಂದೆ ಹೋಗಿ ಅರ್ಧ ಜನ ಬೆಂಚಲ್ಲೇ ತಲೆ ತಗ್ಗಿಸಿ ಕೂತ್ರೆ ಒಡಕು ಎಲ್ಲರ ಕಣ್ಣಿಗೂ ಕಾಣುತ್ತೆ. ವಾಚನ, ಹಾಡು, ಪ್ರಾರ್ಥನೆ, ಸಣ್ಣ ಪ್ರಸಂಗ (ಉಪದೇಶ) ಸಾಕು. ದೀಕ್ಷಾಸ್ನಾನ ಮಕ್ಕಳಿಗೋ ದೊಡ್ಡವ್ರಿಗೋ ಅನ್ನೋ ಚರ್ಚೆಗಂತೂ ಮೈಕ್ ಕೊಡ್ಲೇಬೇಡಿ.

ವಾಚನ ಯೋಹಾನ 17 (ಎಲ್ಲರೂ ಒಂದಾಗಿರ್ಲಿ ಅಂತ ಯೇಸು ಪ್ರಾರ್ಥಿಸೋ ಅಧ್ಯಾಯ) ಇಟ್ರೆ ಯಾರ ತಕರಾರೂ ಇರಲ್ಲ. ಕ್ಯಾಥೊಲಿಕ್ ಬೈಬಲಲ್ಲಿ 73 ಪುಸ್ತಕ, ನಮ್ಮ ಪ್ರೊಟೆಸ್ಟೆಂಟ್‌ನೋರದ್ರಲ್ಲಿ 66, ಆ 66ರೊಳಗೇ ಆರಿಸಿ. ಹಾಡೂ ಹಂಗೇ, ಮಾತೆ ಮರಿಯಮ್ಮನ ಹಾಡು ಬೇರೆ ದಿನಕ್ಕಿರಲಿ. ಕೆಜಿಎಫ್‌ನಲ್ಲಾದ್ರೆ ಒಂದು ತಮಿಳು, ಒಂದು ತೆಲುಗು ಹಾಡು ಇಲ್ದಿದ್ರೆ ಹಿಂದಿನ ಬೆಂಚೆಲ್ಲ ಮೌನ. ಕೀಬೋರ್ಡ್, ರಿದಮ್ ಪ್ಯಾಡ್ ಇರಲಿ, ಆದ್ರೆ ಸೌಂಡ್ ಹಿಡ್ಕೊಳ್ಳೋ ಹುಡುಗನಿಗೆ ಮೊದ್ಲೇ ಹೇಳಿ, ಜೋರಾಗಿ ಆರಾಧನೆ ಮಾಡಿ ರೂಢಿ ಇರೋರಿಗೆ ಅದು ಹಿತ, ಪೂಜೆಯಲ್ಲಿ ಸುಮ್ನೆ ಮೊಣಕಾಲೂರಿ ಬೆಳೆದವ್ರಿಗೆ ಎದೆ ನಡುಗುತ್ತೆ.

ಯಾರ ಚರ್ಚಲ್ಲಿ ನಡೆಯುತ್ತೋ ಅವ್ರು ಪ್ರಸಂಗ ಮಾಡ್ಬಾರ್ದು, ಬೇರೆ ಸಭೆಯವ್ರು ಮಾಡ್ಲಿ, ಹತ್ತು ನಿಮಿಷ. (ಹತ್ತು ಅಂದ್ರೆ ಇಪ್ಪತ್ತಾಗುತ್ತೆ, ಅದಕ್ಕೇ ಹತ್ತು ಅಂತ ಹೇಳೋದು.) ಪಾಂಪ್ಲೆಟ್‌ನಲ್ಲಿ ಹೆಸರು ಅಕಾರಾದಿ ಕ್ರಮದಲ್ಲಿ ಹಾಕ್ಸಿ, ಯಾರ ಹೆಸರು ಮೇಲೆ ಅಂತ ಜಗಳ ಆಗೋದು ಅಲ್ಲೇ.

ಗೇಟ್ ಹತ್ರ ನಿಂತು "ಭಾನುವಾರ ನಮ್ಮ ಸಭೆಗೆ ಬನ್ನಿ" ಅಂತ ಯಾರೂ ಚೀಟಿ ಹಂಚಬಾರ್ದು, ಇದನ್ನ ಪಾಸ್ಟರುಗಳ ಮೀಟಿಂಗಲ್ಲೇ ಒಪ್ಪಿಸ್ಕೊಳ್ಳಿ. ನನ್ನ ಪ್ರಕಾರ ಸಿದ್ಧಾಂತಕ್ಕಿಂತ ಜಾಸ್ತಿ ಮನಸ್ಸು ಮುರಿಯೋದು ಈ ಆಳು ಎಳೆಯೋ ಕೆಲಸಾನೇ.

ಕಾಣಿಕೆ ಎತ್ತಿದ್ರೆ ಅದು ಯಾರಿಗೆ ಅಂತ ಮೊದ್ಲೇ ಅನೌನ್ಸ್ ಮಾಡಿ, ಎಲ್ಲಾ ಸಭೆಯಿಂದ ಒಬ್ಬೊಬ್ರು ಕೂತು ಅಲ್ಲೇ ಎಣಿಸಿ, ಲೆಕ್ಕ ಬರೆದು ಸೈನ್ ಹಾಕಿ, ಅದರ ಫೋಟೋ ಅವತ್ತೇ ರಾತ್ರಿ ಗ್ರೂಪಿಗೆ ಹಾಕ್ಬಿಡಿ.