ಕನ್ನಡ ವೆಬ್ ಪೇಜನ್ನ ಪೈಥಾನ್‌ನಲ್ಲಿ ಪಿಡಿಎಫ್ ಮಾಡೋದು ಹೇಗೆ

ಮೊದ್ಲು ಒಂದು ನೋಡ್ಕೊಳಿ, ನಿಮ್ಗೆ ಬೇಕಾಗಿರೋ ಪೇಜು ಜಾವಾಸ್ಕ್ರಿಪ್ಟ್ ಇಲ್ದೆ ಓಪನ್ ಆಗುತ್ತಾ ಇಲ್ವಾ ಅಂತ. ಆಗುತ್ತೆ ಅಂದ್ರೆ ವೀಸಿಪ್ರಿಂಟ್ (WeasyPrint) ಅನ್ನೋ ಪೈಥಾನ್ ಲೈಬ್ರರಿ ಸಾಕು, ಪಿಪ್‌ನಲ್ಲಿ (ಪೈಥಾನ್ ಲೈಬ್ರರಿ ಹಾಕೋ ಟೂಲ್) ಇನ್‌ಸ್ಟಾಲ್ ಮಾಡ್ಕೊಂಡು ಅದ್ರ ಎಚ್‌ಟಿಎಂಎಲ್ ಕ್ಲಾಸ್‌ಗೆ ಲಿಂಕ್ ಕೊಟ್ಟು ರೈಟ್ ಪಿಡಿಎಫ್ (write_pdf) ಮೆಥಡ್‌ಗೆ ಫೈಲ್ ಹೆಸರು ಹಾಕಿದ್ರೆ ಮುಗೀತು, ಎರಡೇ ಲೈನ್. ಅಕ್ಷರ ಜೋಡಿಸೋಕೆ ಇದು ಪ್ಯಾಂಗೋ ಅನ್ನೋ ಲೈಬ್ರರಿ ಬಳಸೋದ್ರಿಂದ ನಮ್ಮ ಒತ್ತಕ್ಷರ ಎಲ್ಲ ಚೆನ್ನಾಗಿ ಕೂರುತ್ತೆ, ಆದ್ರೆ ಸಿಸ್ಟಮ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಥರ ಒಂದು ಫಾಂಟ್ ಇರ್ಲೇಬೇಕು, ಇಲ್ದಿದ್ರೆ ಅಕ್ಷರದ ಜಾಗದಲ್ಲಿ ಬರೀ ಚೌಕದ ಡಬ್ಬಿ ಬರುತ್ತೆ. ಡಾಕರ್‌ನಲ್ಲಿ (ಪ್ರೋಗ್ರಾಂನ ಪ್ರತ್ಯೇಕ ಕಂಟೇನರ್ ಒಳಗೆ ಓಡಿಸೋ ಟೂಲ್) ಓಡಿಸೋರು ಇದನ್ನ ದಯವಿಟ್ಟು ಮರೀಬೇಡಿ, ನಾನು ಒಂದಿಡೀ ಸಂಜೆ ಇದಕ್ಕೇ ಕಳ್ಕೊಂಡೆ.

ಜಾವಾಸ್ಕ್ರಿಪ್ಟ್ ಬೇಕೇ ಬೇಕು ಅನ್ನೋ ಪೇಜಿಗೆ ಪ್ಲೇರೈಟ್ (Playwright), ಅಂದ್ರೆ ಕೋಡ್‌ನಿಂದ ಬ್ರೌಸರ್ ನಡೆಸೋ ಲೈಬ್ರರಿ, ಬಳಸಿ. ಲೈಬ್ರರಿ ಹಾಕಿದ್ಮೇಲೆ ಕ್ರೋಮಿಯಂ ಬ್ರೌಸರನ್ನೂ ಬೇರೆ ಕಮಾಂಡ್‌ನಲ್ಲಿ ಇನ್‌ಸ್ಟಾಲ್ ಮಾಡ್ಬೇಕು, ಪೇಜ್ ಪೂರ್ತಿ ಲೋಡ್ ಆಗೋವರ್ಗೂ ಕಾದು ಆಮೇಲೆ ಪಿಡಿಎಫ್ ಮೆಥಡ್ ಕಾಲ್ ಮಾಡಿ. ಫಾರ್ಮ್ಯಾಟ್ ಎ4 ಅಂತ ಕೊಡಿ, ಕೊಡದಿದ್ರೆ ಅಮೆರಿಕದ ಲೆಟರ್ ಸೈಜಲ್ಲಿ ಬರುತ್ತೆ. ಹಿನ್ನೆಲೆ ಬಣ್ಣ ಬೇಕಂದ್ರೆ ಪ್ರಿಂಟ್ ಬ್ಯಾಕ್‌ಗ್ರೌಂಡ್‌ನ ಟ್ರೂ ಮಾಡಿ.

ಹಳೇ ಟ್ಯುಟೋರಿಯಲ್‌ಗಳಲ್ಲಿ ಪಿಡಿಎಫ್‌ಕಿಟ್ ಅನ್ನೋ ಲೈಬ್ರರಿ ಕಾಣುತ್ತೆ, ಅದ್ರ ಹಿಂದೆ ಕೆಲಸ ಮಾಡೋ ಡಬ್ಲ್ಯೂಕೆಎಚ್‌ಟಿಎಂಎಲ್‌ಟುಪಿಡಿಎಫ್ (wkhtmltopdf) ಟೂಲ್ 2023ರಲ್ಲೇ ಆರ್ಕೈವ್ ಆಯ್ತು, ಅಂದ್ರೆ ಅದ್ರ ಅಭಿವೃದ್ಧಿ ನಿಂತೋಯ್ತು, ಹೊಸ ಕೆಲಸಕ್ಕೆ ಅದು ಬೇಡ.